ಡ್ರಮ್ಮಿನ ಮೇಲಿನ ಗುರುತು

ಊರಿನವರೆಲ್ಲ ಅವನನ್ನು ಡ್ರೈವರ್ ಎಂದೇ ಕರೆಯುತ್ತಿದ್ದರು. ಹೊಸಬರು ಬಸ್ಸಿನವನೋ ಲಾರಿಯವನೋ ಅಂದುಕೊಳ್ಳುತ್ತಿದ್ದರು. ಅವನು ಜೀವಮಾನದಲ್ಲಿ ಸೈಕಲ್ಲು ಬಿಟ್ಟು ಬೇರೆ ಗಾಡಿ ಮುಟ್ಟಿದವನಲ್ಲ. ಇಳಿಜಾರಿನಲ್ಲಿ ಆ ಸೈಕಲ್ಲೇ ಇವರನ್ನು ಓಡಿಸುತ್ತಿತ್ತು ಎಂದು ಅವನ ಹೆಂಡತಿ ನಗುತ್ತಿದ್ದಳು. ಅವನು ಓಡಿಸಿದ್ದು ಗಣಿಯ ಎಂಜಿನ್ನನ್ನು. ನೆಲದೊಳಕ್ಕೆ ನೆಟ್ಟಗೆ ಇಳಿಯುವ ಎರಡನೇ ಶಾಫ್ಟಿನ ಬಾಯಿಂದ ನೂರು ಹೆಜ್ಜೆ ದೂರದ ಎಂಜಿನ್ ಮನೆಯಲ್ಲಿ, ಎತ್ತರದ ಕಬ್ಬಿಣದ ಕುರ್ಚಿಯ ಮೇಲೆ ಕೂತು, ಇಪ್ಪತ್ತಾರು ವರ್ಷ ಜನರನ್ನು ಹೊತ್ತ ಕಬ್ಬಿಣದ ಕೇಜನ್ನು ಇಳಿಸಿದ್ದ, ಎತ್ತಿದ್ದ. ಕೇಜಿನಲ್ಲಿ ನಿಂತ ಜನ ಅವನಿಗೆ ಕಾಣುತ್ತಿರಲಿಲ್ಲ, ಅವರಿಗೆ ಅವನು ಕಾಣುತ್ತಿರಲಿಲ್ಲ. ನಡುವೆ ಇದ್ದದ್ದು ಒಂದು ಉಕ್ಕಿನ ಹಗ್ಗ, ಒಂದು ಗಂಟೆ. ಎರಡು ಸಲ ಬಡಿದರೆ ಇಳಿಸು. ಮೂರು ಸಲ ಬಡಿದರೆ ಜನ ಇದ್ದಾರೆ, ಮೆಲ್ಲಗೆ ಎತ್ತು. ಒಂದೇ ಸಲ ಬಡಿದರೆ ನಿಲ್ಲಿಸು.

ಗಣಿ ಮುಚ್ಚಿ ಹತ್ತೊಂಬತ್ತು ವರ್ಷವಾಗಿತ್ತು. ಹೊತ್ತೊಯ್ಯಬಹುದಾದ್ದೆಲ್ಲ ಲಾರಿ ಹತ್ತಿ ಹೋಗಿ, ಹೊರಲಾಗದ್ದು, ಬಿಚ್ಚಲಾಗದ್ದು ಅಲ್ಲೇ ಉಳಿದಿತ್ತು. ಕಲ್ಲು ಅರೆಯುವ ಯಂತ್ರ, ನೀರೆತ್ತುವ ಪಂಪು, ಹಳಿಯ ಮೇಲೆ ತುಕ್ಕು ಹಿಡಿದು ಕೂತ ಗಾಡಿಗಳು, ಎರಡನೇ ಶಾಫ್ಟಿನ ಎಂಜಿನ್ನು. ಕೊನೆಯ ದಿನ ಎಂಜಿನ್ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಒಪ್ಪಿಸಲು ಕಚೇರಿಗೆ ಹೋದರೆ ಕಚೇರಿಗೇ ಬೀಗ ಬಿದ್ದಿತ್ತು. ಹಾಗಾಗಿ ಅದು ಅವನ ಮನೆಯ ಗೋಡೆಯ ಮೊಳೆಗೆ ಬಂತು. ತಿಂಗಳಿಗೊಮ್ಮೆ ಹೋಗಿ ಬೇರಿಂಗುಗಳಿಗೆ ಎಣ್ಣೆ ಬಿಟ್ಟು ಬರುತ್ತಿದ್ದ.

"ತಿರುಗದೇ ಇರೋ ಗಾಲಿಗೆ ಎಣ್ಣೆ ಯಾಕ್ರೀ?" ಎಂದು ಹೆಂಡತಿ ಕೇಳಿದರೆ, "ನಿನ್ನ ತಲೆಗೆ ಹಚ್ಕೊಳಲ್ವಾ? ಅದೇನು ತಿರುಗತ್ತಾ?" ಎನ್ನುತ್ತಿದ್ದ.

ಅವನಿಗೊಬ್ಬ ಷಡ್ಡಕನಿದ್ದ, ಹೆಂಡತಿಯ ತಂಗಿಯ ಗಂಡ. ಗಣಿಯ ದೀಪದ ಕೋಣೆಯಲ್ಲಿ ಕೆಲಸ ಮಾಡಿದವನಾದ್ದರಿಂದ ಊರಿಗೆಲ್ಲ ಅವನು ಲಾಂಪು. ಕೆಳಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಲಾಂಪುವಿನ ಕೈಗೆ ಕೊಟ್ಟು ದೀಪ ಪಡೆಯಬೇಕು, ಮೇಲೆ ಬಂದ ಮೇಲೆ ದೀಪ ಕೊಟ್ಟು ಬಿಲ್ಲೆ ಪಡೆಯಬೇಕು. ಹಲಗೆಯ ಮೇಲೆ ಬಿಲ್ಲೆ ನೇತಾಡುತ್ತಿದೆ ಎಂದರೆ ಆ ಮನುಷ್ಯ ಇನ್ನೂ ನೆಲದೊಳಗಿದ್ದಾನೆ ಎಂದರ್ಥ.

ಲಾಂಪು ಷಡ್ಡಕನಾದ ಬಗೆಯೇ ಡ್ರೈವರಿಗೆ ಇವತ್ತಿನವರೆಗೂ ಅರಗಿರಲಿಲ್ಲ. ಒಂದು ಬೆಳಿಗ್ಗೆ ಆರನೇ ಲೆವೆಲ್ಲಿಗೆ, ಅಂದರೆ ನೆಲದಡಿಯ ಆರನೇ ಅಂತಸ್ತಿಗೆ, ನೀರು ನುಗ್ಗಿ ಗಂಟೆಯ ತಂತಿ ಹರಿದುಹೋಯಿತು. ಡ್ರೈವರು ಕೇಜನ್ನು ಮತ್ತೆ ಮತ್ತೆ ಇಳಿಸಿ ಜನರನ್ನು ಎತ್ತಿದ. ಎಲ್ಲರೂ ಬಂದರು ಎಂದು ಶಾಫ್ಟಿನ ಬಾಯಲ್ಲಿ ನಿಂತ ಮೇಲಿನವರು ಕೈ ಬೀಸಿದರು. ಆಗ ಲಾಂಪು ಬರಿಗಾಲಲ್ಲಿ ದಿಬ್ಬ ಹತ್ತಿ ಓಡಿಬಂದು, ಹಲಗೆಯ ಮೇಲೆ ಇನ್ನೂ ಹನ್ನೊಂದು ಬಿಲ್ಲೆ ಇದೆ ಎಂದು ಕೂಗಿದ. ಡ್ರೈವರು ಮತ್ತೆ ಇಳಿಸಿದ. ಗಂಟೆಯಿಲ್ಲ, ಕೆಳಗಿನಿಂದ ಸುದ್ದಿಯಿಲ್ಲ. ಆರನೇ ಲೆವೆಲ್ಲಿನ ಬಾಗಿಲಿಗೆ ಸರಿಯಾಗಿ ಕೇಜು ನಿಲ್ಲಿಸಿ, ಮುನ್ನೂರು ಎಣಿಸಿ, ಎತ್ತಿದ. ಹನ್ನೊಂದು ಜನವೂ ಬಂದರು. ಅವರಲ್ಲೊಬ್ಬ ಡ್ರೈವರಿನ ಮಾವ. ಆ ಮಾವ ಬದುಕಿರುವ ತನಕ ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು: "ಆ ದೀಪದ ಹುಡುಗ ಲೆಕ್ಕ ಇಡದೇ ಇದ್ದಿದ್ರೆ ನಾನು ಅಲ್ಲೇ ಕೊಳೀತಿದ್ದೆ." ಮೂರು ತಿಂಗಳಲ್ಲಿ ಕಿರಿಮಗಳನ್ನು ಲಾಂಪುವಿಗೆ ಕೊಟ್ಟು ಮದುವೆ ಮಾಡಿದ. ಹಿರಿಯ ಅಳಿಯನಿಗೆ ಸಿಕ್ಕಿದ್ದು ಮದುವೆಯಲ್ಲಿ ಕುರ್ಚಿ ಹೊರುವ ಕೆಲಸ.

ಇಷ್ಟು ವರ್ಷವಾದ ಮೇಲೆ, ಒಂದು ಸೋಮವಾರ, ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಹೆಂಗಸು ಆ ಊರಿಗೆ ಬಂದಳು. ಮುಚ್ಚಿದ ಗಣಿಗಳನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಬಿಟ್ಟುಹೋದ ಯಂತ್ರಗಳ ಅಳತೆ ತೆಗೆದು, ಚಿತ್ರ ಬರೆದು, ಪುಸ್ತಕ ಮಾಡುವುದು ಅವಳ ಕೆಲಸ. ಆಗಲೇ ಎಂಟು ಗಣಿ ಮುಗಿಸಿದ್ದಳಂತೆ; ಇದು ಒಂಬತ್ತನೆಯದು. ಇಲ್ಲಿಗೆ ಐದು ದಿನ. ಮೊದಲ ದಿನವೇ ಊರು ಅವಳಿಗೆ ಅಳತೆ ಮೇಡಂ ಎಂದು ಹೆಸರಿಟ್ಟಿತು. ಬಸ್ಸಿಳಿದವಳು ಟೀ ಅಂಗಡಿಯಲ್ಲಿ, "ಗಣಿ ಬಗ್ಗೆ ಗೊತ್ತಿರೋರು ಯಾರಿದ್ದಾರೆ?" ಎಂದು ಕೇಳಿದಳು. ಅಲ್ಲಿ ಟೀ ಕುಡಿಯುತ್ತಿದ್ದವನು ಲಾಂಪು.

"ನೋಡಿ, ನಿಮ್ಮ ಹಣೆಬರಹ," ಎಂದಳು ಡ್ರೈವರಿನ ಹೆಂಡತಿ, ಆ ಸುದ್ದಿ ತಂದವಳು ಅವಳೇ. "ನೀವು ಇವತ್ತು ಟೀ ಅಂಗಡಿಗೆ ಹೋಗಿದ್ರೆ ನೀವೇ ಆಗ್ತಿದ್ರಿ. ಮನೇಲಿ ಟೀ ಕುಡಿದ್ರಿ."

"ಅವಳು ಎಂಜಿನ್ನು ನೋಡ್ದೇ ಎಲ್ಲಿಗೆ ಹೋಗ್ತಾಳೆ? ಗಣಿ ಅಂದ್ರೆ ಎಂಜಿನ್ನು. ಬರ್ತಾಳೆ ಬಿಡು," ಎಂದ ಡ್ರೈವರು.

ಮಂಗಳವಾರ ಬೆಳಿಗ್ಗೆ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿಯನ್ನು ಕತ್ತಿನ ಗುಂಡಿಯವರೆಗೂ ಹಾಕಿಕೊಂಡು ಜಗಲಿಯ ಮೇಲೆ ಕೂತ. ರಸ್ತೆಯ ಆ ತುದಿಯಲ್ಲಿ ಲಾಂಪು, ಮೇಡಂ ಇಬ್ಬರೂ ಕಾಣಿಸಿಕೊಂಡರು. ಡ್ರೈವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಲಾಂಪುವಿನ ತಲೆಯ ಮೇಲೊಂದು ಹಳದಿ ಹೆಲ್ಮೆಟ್ಟು, ಅದರ ಹಣೆಗೊಂದು ದೀಪ, ಮೇಡಂ ಕೊಟ್ಟದ್ದು. ಬಿಸಿಲಲ್ಲೂ ದೀಪ ಉರಿಯುತ್ತಿತ್ತು.

"ಏನ್ ಭಾವ, ಪೇಪರ್ ತಲೆಕೆಳಗೆ ಹಿಡ್ಕೊಂಡಿದ್ದೀರ!" ಎಂದು ಲಾಂಪು ಕೂಗಿದ. "ಇವತ್ತು ಪಂಪು, ಕಲ್ಲು ಅರೆಯೋ ಯಂತ್ರ. ಬರ್ತೀವಿ ಆಮೇಲೆ!"

ಮೇಡಂ ಕೈ ಮುಗಿದಳು. ಇವನು ಅರ್ಧ ಎದ್ದು ಅರ್ಧ ಕೂತ. ಅವರು ದಾಟಿಹೋದರು. ಸಂಜೆಯವರೆಗೂ ಯಾರೂ ಬರಲಿಲ್ಲ. ಅಂಗಿ ಬೆವರಿ ಬೆನ್ನಿಗೆ ಅಂಟಿಕೊಂಡಿತು, ಬಿಚ್ಚಲಿಲ್ಲ.

ಬುಧವಾರವೂ ಅದೇ. ಅವತ್ತು ಸಿಡಿಮದ್ದಿನ ಮನೆ, ಹಳೇ ಗಾಡಿಗಳು, ಗುಡ್ಡದ ಪಕ್ಕದ ಸುರಂಗ. ಹನ್ನೊಂದು ಗಂಟೆಗೆ ಡ್ರೈವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಸೌದೆ ತರುತ್ತೇನೆ ಎಂದು ಹೊರಟ. ಹಗ್ಗವನ್ನೂ ತೆಗೆದುಕೊಳ್ಳಲಿಲ್ಲ, ಕತ್ತಿಯನ್ನೂ ತೆಗೆದುಕೊಳ್ಳಲಿಲ್ಲ.

"ಸೌದೆನ ಕಣ್ಣಲ್ಲೇ ಕಡಿದು ತರ್ತೀರಾ?" ಎಂದಳು ಹೆಂಡತಿ.

ಸುರಂಗದ ಬಾಯಿಗೆ ಎದುರಾಗಿ ಗಣಿ ಮಣ್ಣಿನ ದಿಬ್ಬವಿತ್ತು. ಅದರ ಹಿಂದೆ ಕುರುಚಲು ಗಿಡಗಳ ನಡುವೆ ಅವನು ಕುಕ್ಕರುಗಾಲಲ್ಲಿ ಕೂತ. ಮಂಡಿ ಕಿರುಗುಟ್ಟಿತು. ಸುರಂಗದೊಳಗಿಂದ ಲಾಂಪುವಿನ ದನಿ ಬರುತ್ತಿತ್ತು. ಕಲ್ಲಿಗೆ ಬಡಿದು ಎರಡರಷ್ಟಾಗಿ ಬರುತ್ತಿತ್ತು. "ಹುಷಾರು ಮೇಡಂ, ತಲೆ... ಇಲ್ಲಿ ಹಳಿ ತಿರುಗತ್ತೆ... ಇದು ಅದಿರಿನ ಗಾಡಿ, ಇದರ ಬಾಯಿ ಹೀಗೆ ವಾಲತ್ತೆ..." ಡ್ರೈವರು ಹಲ್ಲು ಕಡಿದ. ಇವನು ಒಂದು ದಿನ, ಒಂದೇ ಒಂದು ದಿನ ಗಣಿಯೊಳಗೆ ಇಳಿದವನಲ್ಲ! ಮೂವತ್ತು ವರ್ಷ ಕಿಟಕಿಯ ಹಿಂದೆ ನಿಂತು ದೀಪ ಒರಸಿದವನು. ಈಗ ನೋಡಿದರೆ ತವರುಮನೆಗೆ ಬಂದ ಹಾಗೆ ಓಡಾಡುತ್ತಿದ್ದಾನೆ. ತಾನೂ ಇಳಿದವನಲ್ಲ ಎಂಬುದು ಡ್ರೈವರಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಇಬ್ಬರೂ ಹೊರಗೆ ಬಂದು ಸುರಂಗದ ಬಾಯಿಯ ನೆರಳಲ್ಲಿ ಕೂತರು. ಮೇಡಂ ನೀರಿನ ಬಾಟಲಿ ಕೊಟ್ಟಳು. ಲಾಂಪು ಎತ್ತಿ ಕುಡಿದು, ಬಾಯಿ ಒರಸಿಕೊಂಡು, ಶುರುಮಾಡಿದ.

"ಹನ್ನೊಂದು ಬಿಲ್ಲೆ, ಮೇಡಂ. ನಾನು ಮೂರು ಸಲ ಎಣಿಸ್ದೆ. ಎಲ್ಲಾ ಬಂದ್ರು ಅಂತಾರೆ ಮೇಲಿನೋರು, ನನ್ನ ಹಲಗೆ ಇಲ್ಲ ಅನ್ನತ್ತೆ. ಓಡಿದೆ ನೋಡಿ, ಕಾಲಲ್ಲಿ ಚಪ್ಪಲಿ ಇಲ್ಲ, ಈ ದಿಬ್ಬದ ಮೇಲೇ ಓಡಿದ್ದು. ಹೋಗಿ ಹೇಳ್ದೆ. ಕೇಜು ಇಳೀತು. ಬಂದ್ರು, ಹನ್ನೊಂದೂ ಜನ."

ದಿಬ್ಬದ ಹಿಂದೆ ಕೂತವನ ಕಿವಿ ಬಿಸಿಯಾಯಿತು. 'ಕೇಜು ಇಳೀತು!' ತಾನಾಗಿಯೇ ಇಳಿಯಿತೇನೋ, ಮೆಟ್ಟಿಲಿಳಿದ ಹಾಗೆ! ಇಳಿಸಿದವನ ಸುದ್ದಿಯೇ ಇಲ್ಲ. ಆ ಮಾತಿನಲ್ಲಿ ಸುಳ್ಳು ಒಂದೂ ಇರಲಿಲ್ಲ ಎಂಬುದೇ ಅವನನ್ನು ಹೆಚ್ಚು ಸುಟ್ಟಿತು. ಮೇಡಂ ಬರೆದುಕೊಳ್ಳುತ್ತಿದ್ದಳು. ಪೆನ್ಸಿಲ್ಲು ಓಡುವುದು ಅಷ್ಟು ದೂರದಿಂದ ಕೇಳಿಸುವುದಿಲ್ಲ, ಅವನಿಗೆ ಕೇಳಿಸಿತು.

ಗುರುವಾರ ಊಟದ ಹೊತ್ತಿಗೆ ಲಾಂಪು ಒಬ್ಬನೇ ಮನೆಗೆ ಬಂದ. ಬಾಗಿಲಲ್ಲಿ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಅಕ್ಕಾ, ಒಂದು ಲೋಟ ನೀರು. ಭಾವ, ಎಂಜಿನ್ ಮನೆ ಬೀಗದ ಕೈ ಕೊಡಿ. ನಾಳೆ ಕೊನೇ ದಿನ. ಬೆಳಿಗ್ಗೆ ಅಲ್ಲಿಗೆ ಕರ್ಕೊಂಡು ಹೋಗ್ತೀನಿ."

ಡ್ರೈವರು ತಟ್ಟೆಯಿಂದ ಮುಖ ಎತ್ತಲಿಲ್ಲ. "ನಾನೇ ಬಂದು ತೆಗೀತೀನಿ."

"ನೀವ್ಯಾಕೆ ತೊಂದ್ರೆ ತಗೋತೀರ? ದಿಬ್ಬ ಹತ್ಬೇಕು, ನಿಮಗೆ ಮಂಡಿ ಬೇರೆ. ಕೈ ಕೊಡಿ ಸಾಕು. ಏನೇನಿದೆ ಅಂತ ನನಗೂ ಗೊತ್ತಲ್ಲ. ಡ್ರಮ್ಮಿನ ಮೇಲೆ ನೀವು ಬರೆದಿರೋ ಗುರುತಿನ ಬಗ್ಗೆ ಆಗ್ಲೇ ಹೇಳಿದ್ದೀನಿ. ಮೀನು, ಸೌಟು ಎಲ್ಲ. ಮೇಡಂ ಕುಣಿದುಬಿಟ್ರು!"

ತುತ್ತು ಅಲ್ಲೇ ನಿಂತಿತು. ಗುರುತಿನ ಬಗ್ಗೆ ಹೇಳಿದ್ದಾನೆ. ಅದನ್ನೂ ಬಿಡಲಿಲ್ಲ.

"ನಾಳೆ ಎಂಟು ಗಂಟೆಗೆ ಬನ್ನಿ," ಎಂದ ಡ್ರೈವರು. "ಬೀಗ ನನ್ನ ಕೈ ಬಿಟ್ಟು ಬೇರೆಯೋರಿಗೆ ತೆರೆಯಲ್ಲ. ಅದಕ್ಕೆ ಹಟ ಜಾಸ್ತಿ."

"ಬೀಗಕ್ಕೆ ಎಲ್ಲಿಂದ ಬಂತು ಹಟ, ಯಜಮಾನ್ರ ಕಡೆಯಿಂದ್ಲೇ ಬಂದಿರ್ಬೇಕು," ಎಂದು ಹೆಂಡತಿ ನೀರು ತಂದು ಕೊಟ್ಟಳು. ಲಾಂಪು ನಕ್ಕು, ಕುಡಿದು, ಹೋದ.

ಆ ಗುರುತುಗಳ ವಿಷಯ ಹೀಗೆ. ಎಂಜಿನ್ ಮನೆಯಲ್ಲಿ ಡ್ರೈವರಿನ ಎದುರಿಗೆ ಗಡಿಯಾರದಂಥ ದೊಡ್ಡ ಬಿಲ್ಲೆಯೊಂದಿತ್ತು. ಕೇಜು ಎಷ್ಟು ಆಳದಲ್ಲಿದೆ ಎಂದು ಅದರ ಮುಳ್ಳು ತೋರಿಸಬೇಕು. ಆದರೆ ಒಳಗಿನ ಚಕ್ರದ ಹಲ್ಲು ಸವೆದು ಅದು ಒಂದೂವರೆ ಆಳಿನಷ್ಟು ತಪ್ಪು ಹೇಳುತ್ತಿತ್ತು. ಮುಳ್ಳನ್ನು ನಂಬಿ ನಿಲ್ಲಿಸಿದರೆ ಕೇಜು ಲೆವೆಲ್ಲಿನ ಬಾಗಿಲು ದಾಟಿ ಕೆಳಗೆ ಹೋಗಿರುತ್ತಿತ್ತು. ಅದಕ್ಕೇ ಎಂಜಿನ್ ಓಡಿಸುವವರು ಹಗ್ಗ ಸುತ್ತುವ ಡ್ರಮ್ಮಿನ ಅಂಚಿಗೆ ಬಿಳಿ ಬಣ್ಣದಲ್ಲಿ ಗುರುತು ಬರೆಯುತ್ತಿದ್ದರು. ಮುಳ್ಳು ಬೀದಿಯನ್ನು ತೋರಿಸಿದರೆ ಗುರುತು ಮನೆಯನ್ನು ತೋರಿಸುತ್ತಿತ್ತು. ಅಂಕಿ ಬರೆದರೆ ತಿರುಗುವಾಗ ಕಣ್ಣಿಗೆ ನಿಲ್ಲುವುದಿಲ್ಲವೆಂದು ಡ್ರೈವರು ಚಿತ್ರ ಬರೆದಿದ್ದ: ಮೊದಲ ಲೆವೆಲ್ಲಿಗೆ ಒಂದು ಗೆರೆ, ಎರಡಕ್ಕೆ ಬಾಚಣಿಗೆ, ಮೂರಕ್ಕೆ ಮೀನು, ನಾಲ್ಕಕ್ಕೆ ಸೌಟು, ಐದಕ್ಕೆ ಏಣಿ, ಆರಕ್ಕೆ ಕಣ್ಣು. ಆರು ತಿಂಗಳಿಗೊಮ್ಮೆ ಸವೆದ ಹಗ್ಗದ ತುದಿ ಕತ್ತರಿಸುತ್ತಿದ್ದರು. ಹಗ್ಗ ಗಿಡ್ಡವಾದರೆ ಹಳೆಯ ಗುರುತು ಸುಳ್ಳಾಗುತ್ತದೆ. ಆಗ ಸೀಮೆಎಣ್ಣೆಯ ಬಟ್ಟೆಯಲ್ಲಿ ಎಲ್ಲವನ್ನೂ ಒರಸಿ, ಕೇಜನ್ನು ಒಂದೊಂದೇ ಲೆವೆಲ್ಲಿಗೆ ಇಳಿಸಿ, ಕೆಳಗಿದ್ದವನು 'ಸರಿಯಾಗಿದೆ' ಎಂದು ಗಂಟೆ ಬಡಿದ ಮೇಲೆಯೇ ಹೊಸ ಗುರುತು ಬರೆಯಬೇಕು. ಕೆಳಗಿನಿಂದ ಗಂಟೆ ಬಾರದೆ ಬರೆಯುವಂತಿಲ್ಲ. ಒಬ್ಬ ಡ್ರೈವರಿನ ಗುರುತನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಇದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು.

ಊಟವಾದ ಮೇಲೆ ಹೆಂಡತಿ ಚಾಪೆ ಹಾಕಿಕೊಂಡು ಅಡ್ಡಾದಳು. ಡ್ರೈವರು ಮೊಳೆಯಿಂದ ಬೀಗದ ಕೈ ತೆಗೆದುಕೊಂಡ. ಹಿತ್ತಿಲ ಗೂಡಿನಿಂದ ಸೀಮೆಎಣ್ಣೆಯ ಡಬ್ಬಿಯನ್ನೂ ಹಳೇ ಬನಿಯನ್ನಿನ ತುಂಡನ್ನೂ ತೆಗೆದುಕೊಂಡ. ದಿಬ್ಬ ಹತ್ತುವಾಗ ಎರಡು ಕಡೆ ನಿಂತು ಉಸಿರು ಬಿಟ್ಟ. ಬಿಸಿಲು ನೆತ್ತಿಯ ಮೇಲಿತ್ತು, ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ಒಳಗೆ ತಂಪು. ಮುರಿದ ಹೆಂಚಿನಿಂದ ಇಳಿದ ಬೆಳಕಿನ ಕೋಲು ಸರಿಯಾಗಿ ಡ್ರಮ್ಮಿನ ಮೇಲೆ ಬಿದ್ದಿತ್ತು. ಡ್ರಮ್ಮು ಎರಡಾಳೆತ್ತರ, ಹಗ್ಗ ಇನ್ನೂ ಅದರ ಮೇಲೆ ಸುತ್ತಿಕೊಂಡೇ ಇತ್ತು. ಅಂಚಿನ ಸುತ್ತ ಗುರುತುಗಳು. ಬಣ್ಣ ಹಳದಿಗೆ ತಿರುಗಿತ್ತು, ಮೀನಿನ ಬಾಲ ಉದುರಿತ್ತು, ಉಳಿದವು ನಿನ್ನೆ ಬರೆದ ಹಾಗಿದ್ದವು. ಅವನು ಸ್ವಲ್ಪ ಹೊತ್ತು ನಿಂತು ನೋಡಿದ. ನಾಳೆ ಲಾಂಪು ಇಲ್ಲಿ, ಈ ಜಾಗದಲ್ಲಿ ನಿಂತು, ಬೆರಳು ತೋರಿಸಿ, "ಇದು ಮೀನು ಮೇಡಂ, ಮೂರನೇ ಲೆವೆಲ್ಲು," ಎನ್ನುತ್ತಾನೆ. ಅವಳು ಬರೆದುಕೊಳ್ಳುತ್ತಾಳೆ. ಪುಸ್ತಕದಲ್ಲಿ ಬರುತ್ತದೆ. ಲಾಂಪುವಿನ ಬಾಯಿಂದ ಬಂದ ಮೀನು, ಲಾಂಪುವಿನ ಬಾಯಿಂದ ಬಂದ ಸೌಟು.

"ತೋರ್ಸು ನೋಡೋಣ," ಎಂದು ಗಟ್ಟಿಯಾಗಿಯೇ ಹೇಳಿ, ಬಟ್ಟೆಗೆ ಸೀಮೆಎಣ್ಣೆ ಸುರಿದ.

ಕೈಗೆ ಗೊತ್ತಿದ್ದ ಕೆಲಸ. ಮೊದಲು ಒದ್ದೆ ಮಾಡಿ, ಇಪ್ಪತ್ತು ಎಣಿಸುವವರೆಗೆ ಬಿಟ್ಟು, ಆಮೇಲೆ ಒತ್ತಿ ಎಳೆಯಬೇಕು. ಗೆರೆ ಹೋಯಿತು, ಬಾಚಣಿಗೆ ಹೋಯಿತು. ಮೇಲಿನವಕ್ಕೆ ಏಣಿ ಹಾಕಿ ಹತ್ತಿದ. ಕಣ್ಣನ್ನು ಕೊನೆಗೆ ಒರಸಿದ. ಮುಗಿದ ಮೇಲೆ ಅವನ ಬಲಗೈ ತಾನಾಗಿ ಪಕ್ಕದ ಗೂಡಿಗೆ ಹೋಗಿ ತಡಕಾಡಿತು. ಕುಂಚ ಇರುತ್ತಿದ್ದ ಜಾಗ ಅದು. ಇಪ್ಪತ್ತಾರು ವರ್ಷದಲ್ಲಿ ಒರಸಿ ಬರೆಯದೆ ಹೊರಗೆ ಹೋದದ್ದು ಒಂದು ದಿನವೂ ಇರಲಿಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಬೀಗ ಹಾಕಿಕೊಂಡು ಇಳಿದ. ಇಳಿಯುವಾಗ ಹಾಯೆನಿಸಬೇಕಿತ್ತು. ಮಂಡಿ ನೋವಷ್ಟೇ ಇತ್ತು.

ಶುಕ್ರವಾರ ಎಂಟಕ್ಕೆ ಅವನು ಎಂಜಿನ್ ಮನೆಯ ಬಾಗಿಲಲ್ಲಿ ನಿಂತಿದ್ದ. ಅವರಿಬ್ಬರೂ ಬಂದರು. ಮೇಡಂ ಈ ದಿನ ನೇರವಾಗಿ ಅವನ ಹತ್ತಿರ ಬಂದು, "ಯಜಮಾನ್ರೇ, ನಾಲ್ಕು ದಿನದಿಂದ ಇದಕ್ಕೇ ಕಾಯ್ತಿದ್ದೀನಿ. ಎಂಟು ಗಣಿ ನೋಡಿದ್ದೀನಿ. ಎಲ್ಲೂ ಡ್ರೈವರ್ ಬರೆದ ಗುರುತು ಉಳಿದಿರ್ಲಿಲ್ಲ. ಹಗ್ಗ ಮಾರಿ, ಡ್ರಮ್ಮು ಕರಗಿಸಿ..." ಎಂದು ಮಾತು ಮುಗಿಸದೆಯೇ ಒಳಗೆ ಹೋದಳು.

ಡ್ರೈವರು ಬೀಗದ ಕೈಯನ್ನು ಅಂಗೈಯಲ್ಲಿ ತಿರುಗಿಸುತ್ತ ಹಿಂದೆಯೇ ಒಳಗೆ ನಡೆದ.

ಮೇಡಂ ಹಣೆಯ ದೀಪ ಹಚ್ಚಿ ಡ್ರಮ್ಮನ್ನು ಒಂದು ಸುತ್ತು ಬಂದಳು. ಮತ್ತೊಂದು ಸುತ್ತು ಬಂದಳು. "ಲಾಂಪಣ್ಣ, ಎಲ್ಲಿದೆ?"

ಲಾಂಪು ಮುಂದೆ ಹೋದ. ಮೂಗು ಅರಳಿಸಿದ. ಅಂಚಿನ ಮೇಲೆ ಬೆರಳು ಎಳೆದು ಮೂಗಿಗೆ ಹಿಡಿದ. ಆಮೇಲೆ ಅವನು ಡ್ರೈವರಿನ ಕಡೆ ತಿರುಗಿ ನೋಡಿದ. ನೋಡಿ, ಮುಖ ತಿರುಗಿಸಿಕೊಂಡ. ಮೂವತ್ತು ವರ್ಷ ದೀಪಕ್ಕೆ ಎಣ್ಣೆ ತುಂಬಿದವನಿಗೆ ಸೀಮೆಎಣ್ಣೆಯ ವಾಸನೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಉದುರಿಹೋಗಿರ್ಬೇಕು ಮೇಡಂ," ಎಂದ. "ಹಳೇ ಬಣ್ಣ ಅಲ್ವಾ. ನಾನು ನೋಡಿ ಬಹಳ ವರ್ಷ ಆಯ್ತು."

ಮೇಡಂ ನಿಟ್ಟುಸಿರು ಬಿಟ್ಟಳು. ಟೇಪು ತೆಗೆದು ಡ್ರಮ್ಮಿನ ಅಗಲ ಅಳೆದಳು, ಬ್ರೇಕಿನ ಹಿಡಿಕೆ ಅಳೆದಳು. ಆಮೇಲೆ ಮುಳ್ಳಿನ ಬಿಲ್ಲೆಯ ಮುಂದೆ ನಿಂತು, ಅದರ ಧೂಳು ಊದಿ, ಪುಸ್ತಕ ತೆರೆದಳು. "ಸರಿ. ಹಾಗಾದ್ರೆ ನೀರು ನುಗ್ಗಿದ ದಿನ, ಗಂಟೆ ಇಲ್ಲದಾಗ, ಆರನೇ ಲೆವೆಲ್ಲಿನಲ್ಲಿ ಕೇಜು ನಿಲ್ಲಿಸಿದ್ದು ಈ ಮುಳ್ಳು ನೋಡ್ಕೊಂಡು. ಅಲ್ವಾ?"

ಡ್ರೈವರು ಬಾಯಿ ತೆರೆಯುವ ಮೊದಲೇ ಲಾಂಪು, "ಹೌದು ಹೌದು, ಮುಳ್ಳು ನೋಡ್ಕೊಂಡೇ," ಎಂದ. ಹೇಳಿ, ಮೇಡಂಗೆ ಕಾಣದ ಹಾಗೆ ಭಾವನಿಗೆ ಕಣ್ಸನ್ನೆ ಮಾಡಿದ. 'ಇರಲಿ ಬಿಡಿ, ನಾನು ನೋಡಿಕೊಳ್ಳುತ್ತೇನೆ' ಎಂಬಂಥ ಸನ್ನೆ.

ಆ ಸನ್ನೆಯನ್ನು ಡ್ರೈವರು ತಡೆದುಕೊಳ್ಳಲಾರದೆ ಹೋದ. ಹೆಲ್ಮೆಟ್ಟನ್ನು ತಡೆದುಕೊಂಡಿದ್ದ, 'ಕೇಜು ಇಳೀತು' ಎಂಬುದನ್ನು ತಡೆದುಕೊಂಡಿದ್ದ. ಈಗ ಇವನು ತನ್ನ ಮಾನ ಕಾಪಾಡುತ್ತಿದ್ದಾನೆ! ಇದು ಸೇರಿದರೆ ಸಾಯುವ ತನಕ ಇವನ ಋಣದಲ್ಲಿ ಇರಬೇಕು. ಮೇಲಾಗಿ ಮೇಡಂ ಬರೆಯುತ್ತಿರುವ ಆ ಸಾಲು ಸುಳ್ಳು. ಮುಳ್ಳು ನಂಬಿದ್ದರೆ ಅವತ್ತು ಕೇಜು ಆರನೇ ಲೆವೆಲ್ಲಿನ ಬಾಗಿಲಿಗಿಂತ ಒಂದೂವರೆ ಆಳು ಕೆಳಗೆ, ನೀರಿನಲ್ಲಿ ನಿಂತಿರುತ್ತಿತ್ತು. ಎಲ್ಲೋ ಒಬ್ಬ ಎಂಜಿನ್ ಓಡಿಸಿದವನು ಆ ಪುಸ್ತಕ ಓದಿದರೆ, 'ಇವನೆಂಥ ಡ್ರೈವರು, ಸವೆದ ಮುಳ್ಳು ನಂಬಿಕೊಂಡು ಹನ್ನೊಂದು ಜೀವ ಎತ್ತಲು ಹೋದ,' ಎನ್ನುತ್ತಾನೆ.

"ಬರೀಬೇಡಿ," ಎಂದ ಡ್ರೈವರು.

ಪೆನ್ಸಿಲ್ಲು ನಿಂತಿತು.

"ಮುಳ್ಳು ಸುಳ್ಳು ಹೇಳ್ತಿತ್ತು. ಗುರುತು ನೋಡೇ ನಿಲ್ಸಿದ್ದು. ಗುರುತು ಉದುರಿಲ್ಲ. ನಿನ್ನೆ ಮಧ್ಯಾಹ್ನದವರೆಗೂ ಇತ್ತು. ನಾನೇ ಬಂದು ಒರಸ್ದೆ."

"ಒರಸಿದ್ರಾ?" ಮೇಡಂ ಪುಸ್ತಕವನ್ನು ನಿಧಾನವಾಗಿ ಮುಚ್ಚಿದಳು. ಅವಳ ಮುಖದಲ್ಲಿ ಮೊದಲ ಸಲ ಕೋಪ ಕಾಣಿಸಿತು. "ಹತ್ತೊಂಬತ್ತು ವರ್ಷ ಉಳಿದಿದ್ದನ್ನ? ಯಾಕೆ?"

ಡ್ರೈವರು ಲಾಂಪುವನ್ನು ತೋರಿಸಿದ, ಮಕ್ಕಳು ತೋರಿಸುವ ಹಾಗೆ, ಪೂರ್ತಿ ಕೈ ಚಾಚಿ. "ಇವನು ತೋರಿಸ್ಬಾರ್ದು ಅಂತ."

ಮಾಡಿನಲ್ಲಿ ಪಾರಿವಾಳವೊಂದು ರೆಕ್ಕೆ ಬಡಿಯಿತು.

"ಭಾವ," ಎಂದ ಲಾಂಪು. ದನಿ ಎಂದಿನಂತೆ ಇರಲಿಲ್ಲ. "ನಾನು ಇದನ್ನ ಕೊನೇ ದಿನಕ್ಕೆ ಅಂತ ಇಟ್ಕೊಂಡಿದ್ದೆ. ಎಲ್ಲಕ್ಕಿಂತ ಚೆನ್ನಾಗಿರೋದನ್ನ ಕೊನೆಗೆ ತೋರ್ಸೋಣ ಅಂತ."

"ನೀನು ತೋರ್ಸೋಕೆ ಅದು ನಿಂದಾ?"

ಲಾಂಪು ಹೆಲ್ಮೆಟ್ಟಿನ ದೀಪ ಆರಿಸಿದ. "ಅಲ್ಲ," ಎಂದ ಆಮೇಲೆ. "ನಿಮ್ಮನ್ನ ಕರೀಬೇಕಿತ್ತು. ಕರೆದ್ರೆ ನೀವೇ ಮಾತಾಡ್ತೀರ, ನನ್ನ ಬಾಯಿಗೆ ಕೆಲಸ ಇರಲ್ಲ ಅನ್ನಿಸ್ತು."

ಇದನ್ನು ಡ್ರೈವರು ನಿರೀಕ್ಷಿಸಿರಲಿಲ್ಲ. ಲಾಂಪುವಿಗೂ ಹೀಗೆ ಒಳಗೊಳಗೇ ಏನಾದರೂ ಕೊರೆಯುತ್ತಿರಬಹುದು ಎಂದು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸಿದ ಮೇಲೆ, ಯಾಕೋ, ಸ್ವಲ್ಪ ಸಮಾಧಾನವೂ ಆಯಿತು.

ಮೇಡಂ ಹಣೆ ಉಜ್ಜಿಕೊಂಡಳು. "ಮತ್ತೆ ಬರೆಯೋಕಾಗತ್ತಾ? ಅದೇ ಜಾಗದಲ್ಲಿ?"

"ಜಾಗ ಕಣ್ಣು ಮುಚ್ಚಿದ್ರೂ ಗೊತ್ತು. ಆದ್ರೆ ಬರಿಯೋಲ್ಲ."

"ಯಾಕೆ?"

"ಕೆಳಗಿಂದ ಗಂಟೆ ಬಾರ್ದೆ ಬರೆಯೋ ಹಾಗಿಲ್ಲ ಮೇಡಂ. ಕೇಜು ಇಳೀಬೇಕು, ಒಬ್ಬ ಕೆಳಗೆ ನಿಂತು ಸರಿ ಅನ್ಬೇಕು. ಈಗ ಕೆಳಗೆ ನೀರು. ಯಾರು ಬಡೀತಾರೆ? ಸುಮ್ನೆ ಬರೆದ್ರೆ ಅದು ಚಿತ್ರ ಆಗತ್ತೆ, ಗುರುತು ಆಗಲ್ಲ."

ಅವಳು ಅವನನ್ನೇ ನೋಡುತ್ತ ನಿಂತಳು. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. ಪುಸ್ತಕ ಮತ್ತೆ ತೆರೆದಳು. "ಹಾಗಾದ್ರೆ ಬಾಯಲ್ಲಿ ಹೇಳಿ. ನೀವು ಹೇಳಿದ ಹಾಗೆ ಬರ್ಕೋತೀನಿ. ಆದ್ರೆ ಗುರುತು ಯಾಕಿಲ್ಲ ಅಂತ ಓದೋರು ಕೇಳ್ತಾರೆ. ಅದನ್ನೂ ಬರೀಬೇಕಾಗತ್ತೆ."

"ಬರೀರಿ. ಡ್ರೈವರೇ ಒರಸಿದ ಅಂತ ಬರೀರಿ."

"ಕಾರಣ?"

ಡ್ರೈವರು ಎತ್ತರದ ಕುರ್ಚಿಯ ಹಿಡಿ ಹಿಡಿದು ನಿಂತ. "ಹೊಟ್ಟೆಕಿಚ್ಚು," ಎಂದ. ಹೇಳಿದ ಮೇಲೆ ಆ ಮಾತು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಕಬ್ಬಿಣದ ಆ ದೊಡ್ಡ ಕೋಣೆಯಲ್ಲಿ ಸಣ್ಣ ಸಾಮಾನಿನ ಹಾಗೆ ಬಿತ್ತು.

"ಷಡ್ಡಕನ ಮೇಲೆ ಅಂತ ಸೇರಿಸ್ಕೊಳ್ಳಿ ಮೇಡಂ," ಎಂದ ಲಾಂಪು. "ಇಲ್ಲಾಂದ್ರೆ ನಿಮ್ಮ ಮೇಲೆ ಅಂದ್ಕೋತಾರೆ."

ಮೇಡಂಗೆ ನಗು ತಡೆಯಲಾಗಲಿಲ್ಲ. ಡ್ರೈವರು ನಗಲಿಲ್ಲ. ಕುರ್ಚಿ ಹತ್ತಿ ಕೂತು, ಎಡಗಾಲನ್ನು ಪೆಡಲಿನ ಮೇಲೆ ಇಟ್ಟು, ಬಲಗೈಯನ್ನು ಬ್ರೇಕಿನ ಹಿಡಿಕೆಯ ಮೇಲೆ ಇಟ್ಟ. ಕೂತ ಕೂಡಲೇ ಬೆನ್ನು ನೆಟ್ಟಗಾಯಿತು. ಬರಿದಾದ ಡ್ರಮ್ಮಿನ ಅಂಚಿನಲ್ಲಿ ಒಂದೊಂದೇ ಜಾಗ ತೋರಿಸುತ್ತ ಹೇಳತೊಡಗಿದ. ಬಾಚಣಿಗೆಗೆ ಎಷ್ಟು ಹಲ್ಲು, ಯಾಕೆ ಅಷ್ಟೇ. ಮೀನು ಯಾವ ಕಡೆ ಮುಖ ಮಾಡಿರಬೇಕು; ಇಳಿಯುವಾಗ ಬಾಲ ಮೊದಲು ಬಂದರೆ ಎತ್ತುವಾಗ ಮೂತಿ ಮೊದಲು ಬರುತ್ತದೆ, ಆದ್ದರಿಂದ ನಿದ್ದೆಗಣ್ಣಲ್ಲೂ ತಪ್ಪುವುದಿಲ್ಲ. ಆರನೇ ಲೆವೆಲ್ಲಿಗೆ ಕಣ್ಣು ಯಾಕೆಂದರೆ ಅಲ್ಲಿಂದ ಕೆಳಗೆ ಬೇರೆ ಗುರುತಿಲ್ಲ, ಕಣ್ಣೇ ಗತಿ. ಬ್ರೇಕನ್ನು ಗುರುತು ಬರುವುದಕ್ಕಿಂತ ಎರಡು ಗೇಣು ಮೊದಲೇ ಹಿಡಿಯಬೇಕು, ಜನ ತುಂಬಿದ್ದರೆ ಮೂರು ಗೇಣು.

"ನಾಲ್ಕು ಗೇಣು ಅಂತಿದ್ರಿ ಮೊದ್ಲೆಲ್ಲ," ಎಂದ ಲಾಂಪು ಬಾಗಿಲ ಹತ್ತಿರದಿಂದ.

"ನೀನು ಬಾಯ್ಮುಚ್ಚು. ಇದು ನನ್ನ ಕೋಣೆ. ನಾಲ್ಕು ಗೇಣು ಮಳೆಗಾಲದಲ್ಲಿ, ಬ್ರೇಕು ಒದ್ದೆ ಇದ್ರೆ."

"ಅದೇ ಹೇಳಿದ್ದು."

"ಅದೇ ಹೇಳ್ಬೇಡ ಅಂದಿದ್ದು."

ಲಾಂಪು ಹೊಸ್ತಿಲ ಮೇಲೆ ಕೂತುಕೊಂಡ. ಮೇಡಂ ಪುಟ ತಿರುವಿದಳು. ನೀರು ನುಗ್ಗಿದ ದಿನದ ಮಾತು ಬಂದಾಗ, ಎಲ್ಲರೂ ಬಂದರೆಂದು ಮೇಲಿನವರು ಹೇಳಿದ ಮೇಲೂ ಕೇಜನ್ನು ಮತ್ತೆ ಯಾಕೆ ಇಳಿಸಿದಿರಿ ಎಂದು ಅವಳು ಕೇಳಿದಳು.

ಡ್ರೈವರು ಬ್ರೇಕಿನ ಹಿಡಿಕೆಯನ್ನು ಹಿಂದೆ ಮುಂದೆ ಅಲ್ಲಾಡಿಸಿದ. ಹೊಸ್ತಿಲ ಮೇಲೆ ಕೂತವನು ಈ ಸಲ ತುಟಿ ಬಿಚ್ಚಲಿಲ್ಲ. ಹೊರಗೆ ನೋಡುತ್ತಿದ್ದ, ಕಿವಿ ಮಾತ್ರ ಇತ್ತಲೇ ಇತ್ತು.

"ಯಾರೋ ಓಡಿಬಂದು ಹೇಳಿದ್ರು," ಎಂದ ಡ್ರೈವರು. ಪೆನ್ಸಿಲ್ಲು ಕಾಯುತ್ತಿತ್ತು. "ದೀಪದ ಕೋಣೆಯೋರು. ಅಷ್ಟು ಸಾಕು. ಅವರದ್ದು ಅವರ ಪುಟದಲ್ಲಿ ಆಗ್ಲೇ ಬಂದಿರತ್ತಲ್ಲ."

"ಬಂದಿದೆ," ಎಂದಳು ಮೇಡಂ.

ಡ್ರೈವರು ಕುರ್ಚಿಯಿಂದ ಬಗ್ಗಿ ಪುಸ್ತಕದ ಕಡೆ ನೋಡಲು ಯತ್ನಿಸಿದ. ದೂರದ ಅಕ್ಷರ ಕಾಣಿಸಲಿಲ್ಲ. ದನಿ ತಗ್ಗಿಸಿ ಕೇಳಿದ:

"ಅವನಿಗೆ ಎಷ್ಟು ಪುಟ ಆಯ್ತು?"

ಮೇಡಂ ಹಿಂದಕ್ಕೆ ತಿರುವಿ ನೋಡಿದಳು. "ಹದಿನಾಲ್ಕು."

"ನಂದು?"

"ಈಗ ಐದನೇದು ನಡೀತಿದೆ."

ಡ್ರೈವರು ಕತ್ತಿನ ಗುಂಡಿ ಬಿಚ್ಚಿದ, ತೋಳು ಮಡಚಿದ, ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಗಟ್ಟಿಯಾಗಿ ಕೂತ.

"ಪೆನ್ಸಿಲ್ ಚೂಪು ಮಾಡ್ಕೊಳ್ಳಿ ಮೇಡಂ," ಎಂದ. "ಬೇರಿಂಗಿನ ವಿಷಯ ಇನ್ನೂ ಶುರುವೇ ಆಗಿಲ್ಲ."